ನೀಲಿ ಅಂಗೈ

ಜೀನ್ಸಿನ ನೀಲಿ ಸೋಪಿಗೆ ಬಗ್ಗುವುದಿಲ್ಲ.
ನಿಂಬೆ ಹಚ್ಚಿ, ಸೀಗೆ ಹಚ್ಚಿ, ಬಚ್ಚಲ ಕಲ್ಲಿಗೆ ತಿಕ್ಕಿ
ಹನ್ನೊಂದು ವರ್ಷದಿಂದ ನೋಡಿದ್ದೇನೆ.
ಉಗುರಿನ ಸಂದಿಯಲ್ಲಿ ಬಾಡಿಗೆ ಕೊಡದೆ ಕೂತಿದೆ.

ಡಿಸೆಂಬರ್ ಬಂದರೆ ಬಳ್ಳಾರಿಯ ನಮ್ಮ ಶೆಡ್ಡಿಗೆ
ಆರ್ಡರಿನ ಮೇಲೆ ಆರ್ಡರು.
ಸಂಕ್ರಾಂತಿಯ ಮಾಲು ಎಂದು ಸೇಠು ಗಡಿಯಾರ ತೋರಿಸುತ್ತಾನೆ.
ನನ್ನ ಪಾಲಿಗೆ ಜೇಬು.
ದಿನಕ್ಕೆ ಮುನ್ನೂರು ಜೇಬು ಹೊಲಿದು
ಖಾಲಿ ಪರ್ಸು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾಳೆ ನಮ್ಮ ಲೂರ್ದಮ್ಮ,
ಎಂದು ಓಣಿಯನ್ನೆಲ್ಲ ನಗಿಸುತ್ತಿದ್ದವನು ಇನ್ನಾಸಪ್ಪ.

ಈ ವರ್ಷ ಅವನಿಲ್ಲ.
ಶ್ರಾವಣದ ಜ್ವರ ದೊಡ್ಡಾಸ್ಪತ್ರೆಯ ವರಾಂಡದಲ್ಲಿ
ನಾಲ್ಕು ದಿನ ನಮ್ಮ ಜೊತೆ ಕೂತು
ಐದನೆಯ ದಿನ ಅವನನ್ನು ಎಬ್ಬಿಸಿಕೊಂಡು ಹೋಯಿತು.

ಅಟ್ಟದ ಮೇಲೆ ಅವನು ಬಿದಿರು ಸೀಳಿ ಕಟ್ಟಿದ ನಕ್ಷತ್ರ,
ಹಾಳೆ ಹರಿದು ಎಲುಬಷ್ಟೇ ಉಳಿದಿದೆ.
ಮೈದಾ ಅಂಟು ಕಾಯಿಸುವುದು ನನ್ನ ಕೆಲಸ,
ಹೆಚ್ಚಾಯಿತೆಂದು ಬೈಯುವುದು ಅವನ ಕೆಲಸ.
'ಈ ಸಲ ಬೇಡ' ಎಂದೆ ಮಗಳಿಗೆ.
ಅಗ್ನೇಸಿ ಯಾಕೆ ಅನ್ನಲಿಲ್ಲ.
ಕಷ್ಟವಾದದ್ದು ಅದೇ.

ಕ್ಯಾರಲ್ಸಿನವರು ಬರುವ ರಾತ್ರಿ ದೀಪ ಆರಿಸಿ
ಮಲಗಿದವರಂತೆ ಮಲಗಿದೆವು.
ಟಂಟಂ ಬಂತು, ತಮಟೆ ಬಂತು,
ಆರೋಗ್ಯಮ್ಮನ ಮನೆಯಲ್ಲಿ ಹಾಡಿ ಚಹಾ ಹೀರುವ ಸದ್ದು ಬಂತು.
ಆಮೇಲೆ ನಮ್ಮ ಬಾಗಿಲ ಮುಂದೆ ಚಪ್ಪಲಿಗಳು ನಿಂತವು.
ಯಾರೋ ತಮಟೆಯ ಹುಡುಗನಿಗೆ 'ಶ್' ಅಂದರು.
ಹಾಡಲಿಲ್ಲ.
ನಿಂತರು ಅಷ್ಟೆ,
ಜಪಮಾಲೆಯ ಹತ್ತು ಮಣಿ ಜಾರುವಷ್ಟು ಹೊತ್ತು.
ಒಬ್ಬರು ಕೆಮ್ಮಿದರು; ಮುದುಕ ಚೌರಪ್ಪನ ಬೀಡಿ ಕೆಮ್ಮು.
ಬೆಳಿಗ್ಗೆ ಕಿಟಕಿಯ ಸರಳಿಗೆ ಒಂದು ಚೀಲ:
ಎರಡು ಕಿತ್ತಳೆ, ಒಂದು ಮೊಂಬತ್ತಿ.
ಚೀಟಿ ಇರಲಿಲ್ಲ.

ಆ ದಿನ ಮಷೀನಿನ ಮುಂದೆ ನನಗೆ ಹೊಳೆಯಿತು.
ಹೊಳೆಯಿತು ಅನ್ನುವುದು ದೊಡ್ಡ ಮಾತು;
ದಾರ ಕಿತ್ತಿತ್ತು, ಪೋಣಿಸುತ್ತಾ ಯೋಚಿಸಿದೆ.
ಬೆತ್ಲೆಹೇಮಿನ ಆ ಮೊದಲ ರಾತ್ರಿ
ಯಾರೂ ಕರ್ಚಿಕಾಯಿ ಕರಿದಿರಲಿಲ್ಲ.
ತುಂಬು ಬಸುರಿ, ತನ್ನದಲ್ಲದ ಊರು,
ಗಂಡನ ಬಾಯಲ್ಲಿ 'ಜಾಗ ಇಲ್ಲವಂತೆ' ಎಂಬ ಒಂದೇ ಮಾತು,
ಕಣಿಕೆ, ಸಗಣಿಯ ವಾಸನೆ, ಕೂಸಿಗೆ ಸುತ್ತಲು ಒಂದು ಬಟ್ಟೆ.
ಲೇಸು, ಗುಂಡಿ, ಲೇಬಲ್ಲು
ಆಮೇಲೆ ನಾವು ಹೊಲಿದು ಸೇರಿಸಿದ್ದು.
ಬಟ್ಟೆ ಮಾತ್ರ ಆ ರಾತ್ರಿಯದು.
ಏನೂ ತಯಾರಿಲ್ಲದ ಕಡೆಗೇ ಅವನು ಬಂದ,
ತಯಾರಾಗಿ ಅಂತ ಹೇಳಿಯೂ ಕಳಿಸದೆ.

'ಯಾಕಕ್ಕಾ, ಒಬ್ಬಾಕಿನೇ ನಗ್ತೀಯ?' ಅಂದಳು ಜಿಪ್ಪಿನ ಮಷೀನಿನ ಮೌಲಾಬಿ.
ನಕ್ಕಿದ್ದು ನನಗೇ ಗೊತ್ತಿರಲಿಲ್ಲ.
'ನಿನ್ನ ನಲವತ್ತು ಜೇಬು ಈ ಕಡೆ ನೂಕು, ಗುಡಿಗೆ ಹೋಗು.
ರಂಜಾನಿನಾಗ ನನ್ನವು ನೀ ಹೊಲಿದಿಲ್ಲೇನು?'

ನಡುರಾತ್ರಿಯ ಪೂಜೆಗೆ ಹಳೆ ಸೀರೆಯಲ್ಲೇ ಹೋದೆ.
ಸೆರಗಿನೊಳಗಿದ್ದ ಕೈಯನ್ನು ಸಾಲು ಮುಂದೆ ಮುಂದೆ ತಳ್ಳಿತು.
ಎಡ ಅಂಗೈ ಮೇಲೆ, ಬಲ ಅಂಗೈ ಕೆಳಗೆ.
ನೀಲಿ ಕಂಡು ಸ್ವಾಮಿಗಳು ಒಂದು ಗಳಿಗೆ ತಡೆದರು,
ಅಥವಾ ನನಗೆ ಹಾಗನ್ನಿಸಿತು.
'ಕ್ರಿಸ್ತನ ಶರೀರ.'
ನೀಲಿಯ ನಡುವೆ ಬಿಳಿಯ ತುಣುಕು,
ಕೋಟಿನ ಗುಂಡಿಯಷ್ಟು, ಅದಕ್ಕಿಂತ ಹಗುರ.
ಆಮೆನ್ ಎನ್ನಲು ಗಂಟಲು ಏಳಲಿಲ್ಲ.
ಹಿಂದಿನಿಂದ ಅಗ್ನೇಸಿ ಅಂದಳು, ಇಬ್ಬರದೂ ಸೇರಿಸಿ.

ದುಃಖ ಹೋಯಿತು ಎಂದು ಹೇಳಲಾರೆ.
ನಮ್ಮ ಜೊತೆಯೇ ನಡೆದು ಮನೆಗೆ ಬಂತು,
ಚಳಿಯಲ್ಲಿ, ನಾಯಿಗಳಿಗೆ ಹೆದರುತ್ತಾ.
ಮೊಂಬತ್ತಿ ಹಚ್ಚಿ ಕಿತ್ತಳೆ ಸುಲಿದೆವು.
ಅಪ್ಪನಿಗೆಂದು ಎತ್ತಿಟ್ಟ ತೊಳೆಯನ್ನು
ಸ್ವಲ್ಪ ಹೊತ್ತಿಗೆ ಅವಳೇ ತಿಂದಳು.
ಆಮೇಲೆ, 'ಮೈದಾ ಎಲ್ಲೈತಿ?'

ಡಬ್ಬಿಯ ತಳದಲ್ಲಿ ಒಂದು ಹಿಡಿ ಇತ್ತು.
ಅಟ್ಟದಿಂದ ಬಿದಿರು ಇಳಿಯಿತು.
ಅಂಟು ಹೆಚ್ಚಾಯಿತು.
ಬೈಯಲು ಯಾರೂ ಇರಲಿಲ್ಲ.
ನಾನೇ ಬೈದೆ.